ಕುಣಿತದ ಹಾಡಿಗೆ ಇಷ್ಟು ಭಾರದ ದನಿ ಏಕೆ?

ಪ್ರಶ್ನೆ: ಹದಿನೈದು ವರ್ಷ ಕರ್ನಾಟಕ ಸಂಗೀತ ಕಲಿತವಳು ನಾನು. ಪಾಶ್ಚಾತ್ಯ ಸಂಗೀತ ಅಷ್ಟಾಗಿ ಗೊತ್ತಿಲ್ಲ. ಈಚೆಗೆ ಊರಿಗೆ ಹೋಗುವಾಗ ಮಗ ಕಾರಿನಲ್ಲಿ ಎಂ ಪೀಪಲ್ ಎಂಬ ಬ್ರಿಟಿಷ್ ತಂಡದ ‘ಎಲಿಗಂಟ್ ಸ್ಲಮ್ಮಿಂಗ್’ ಎಂಬ ಹಳೆಯ ಆಲ್ಬಮ್ ಹಾಕಿದ್ದ. ಹಾಡುತ್ತಿರುವುದು ಗಂಡಸು ಎಂದುಕೊಂಡೆ. ಹೆಂಗಸು ಎಂದು ಅವನು ಹೇಳಿದ ಮೇಲೂ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಆಕೆ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ಸಂಗತಿಗಳನ್ನು ಹಾಕುವುದಿಲ್ಲ, ತಾರಸ್ಥಾಯಿಯಲ್ಲಿ ಮೆರೆಯುವುದೂ ಇಲ್ಲ. ಆದರೂ ದನಿ ನೇರ ಎದೆಗೆ ಬಂದು ತಾಗುತ್ತದೆ. ಇದು ಶಾರೀರದ ಬಲವೋ, ಸ್ಟುಡಿಯೋ ಯಂತ್ರಗಳ ಕೈಚಳಕವೋ? ಬರಿಯ ಕುಣಿಯುವ ಹಾಡುಗಳ ಈ ಆಲ್ಬಮ್‌ಗೆ ಬ್ರಿಟನ್ನಿನ ದೊಡ್ಡ ಪ್ರಶಸ್ತಿ ಬಂದಿತ್ತಂತೆ, ಅದು ಹೇಗೆ?

ಉತ್ತರ: ಅರ್ಧ ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತೇನೆ. ಶಾರೀರ ಅಪ್ಪಟವಾದದ್ದು. ಯಂತ್ರ ಅದಕ್ಕೆ ದಾರಿ ಬಿಟ್ಟುಕೊಟ್ಟಿದೆ, ಅಷ್ಟೆ. ಗಾಯಕಿಯ ಹೆಸರು ಹೆದರ್ ಸ್ಮಾಲ್. ನಮ್ಮ ಕಿವಿಗೆ ಈ ಹೆಸರೇ ಒಂದು ತಮಾಷೆ: ಹೆದರಿದ ದನಿಯೂ ಅಲ್ಲ ಅದು, ಸಣ್ಣ ದನಿಯೂ ಅಲ್ಲ.

ಗಂಡಸೆಂದುಕೊಂಡದ್ದಕ್ಕೆ ನೀವು ನಾಚಿಕೊಳ್ಳಬೇಕಾಗಿಲ್ಲ. ಗಂಗೂಬಾಯಿ ಹಾನಗಲ್ಲರನ್ನು ಮೊದಲ ಸಲ ರೇಡಿಯೋದಲ್ಲಿ ಕೇಳಿದಾಗ ಎಷ್ಟೋ ಮಂದಿ ಹೀಗೆಯೇ ಏಮಾರಿದ್ದಾರೆ, ಅವರಲ್ಲಿ ನಾನೂ ಒಬ್ಬ. ಪಾಶ್ಚಾತ್ಯರು ಹೆಂಗಸರ ದನಿಗಳಲ್ಲಿ ಎಲ್ಲಕ್ಕಿಂತ ಕೆಳಗಿನದಕ್ಕೆ ಕಾಂಟ್ರಾಲ್ಟೊ ಎನ್ನುತ್ತಾರೆ. ಹೆದರ್ ಅವರದು ಆ ಜಾತಿಯ ದನಿ. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ, ನಮ್ಮಲ್ಲಿ ಹೆಂಗಸರು ಸಾಮಾನ್ಯವಾಗಿ ಐದು, ಐದೂವರೆ ಶ್ರುತಿ ಹಿಡಿದು ಹಾಡುತ್ತಾರಲ್ಲ, ಅಲ್ಲಿ ಮಂದ್ರದ ಕಡೆಗೆ ಇಳಿದಾಗ ದನಿ ತೆಳುವಾಗಿ ಗಾಳಿಯಂತಾಗುತ್ತದೆ. ಹೆದರ್ ಅವರ ದನಿ ಅದೇ ಜಾಗದಲ್ಲಿ ದಪ್ಪಗಾಗುತ್ತದೆ. ಬೇರೆಯವರು ಕೆಳಗಿಳಿದು ಬೇಗ ಮೇಲೆ ಬಂದುಬಿಡುವ ಕಡೆ ಈಕೆ ಚಾಪೆ ಹಾಸಿಕೊಂಡು ಕೂರುತ್ತಾರೆ.

ಇನ್ನು ಯಂತ್ರದ ಮಾತು. ಈ ಆಲ್ಬಮ್ ಬಂದದ್ದು 1993ರ ಅಕ್ಟೋಬರ್‌ನಲ್ಲಿ. ಶ್ರುತಿ ತಪ್ಪಿದ ಸ್ವರವನ್ನು ಹಿಡಿದು ಸರಿಯಾದ ಜಾಗಕ್ಕೆ ಎಳೆದು ತರುವ ಆಟೋ-ಟ್ಯೂನ್ ಎಂಬ ತಂತ್ರಾಂಶ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಅದಕ್ಕೂ ಮೊದಲು ತಿದ್ದುವುದು ಸಾಧ್ಯವೇ ಇರಲಿಲ್ಲವೆಂದಲ್ಲ, ಆದರೆ ಅದು ಹರಿದ ಪಂಚೆಗೆ ತೇಪೆ ಹಾಕುವ ಕೆಲಸ. ಒಂದೊಂದು ತುಣುಕನ್ನೂ ಕೈಯಲ್ಲೇ ಕೂರಿಸಬೇಕಿತ್ತು. ಇಡೀ ಗಾಯನವನ್ನು ಹಾಗೆ ಹೊಲಿದು ತಯಾರಿಸಲು ಆಗುವುದಿಲ್ಲ. ಯಂತ್ರಗಳು ಮಾಡಿದ್ದು ಬೇರೆಯೇ ಕೆಲಸ. ಕಂಪ್ರೆಸರ್ ಎಂಬ ಉಪಕರಣ ದನಿಯ ಜೋರು ಮತ್ತು ಮೆಲುಪಿನ ನಡುವಿನ ಅಂತರವನ್ನು ಕುಗ್ಗಿಸುತ್ತದೆ. ಆಗ ಪಿಸುಗುಟ್ಟಿದ ಪದವೂ ಡ್ರಮ್ಮಿನ ಸದ್ದಿನಲ್ಲಿ ಮುಳುಗುವುದಿಲ್ಲ. ಆದರೆ ತೆಳುವಾದ ದನಿಯನ್ನು ಕಂಪ್ರೆಸ್ ಮಾಡಿದರೆ ಸಿಗುವುದು ಜೋರಾದ ತೆಳುವಾದ ದನಿ. ತೂಕ ಗಂಟಲಿನಿಂದಲೇ ಬರಬೇಕು.

ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಬಹಳ ವರ್ಷಗಳ ಹಿಂದೆ ಒಂದು ಭಾವಗೀತೆಯ ಧ್ವನಿಮುದ್ರಣದಲ್ಲಿ ಇಂಥದೇ ಕೆಳಸ್ಥಾಯಿಯ ಗಾಯಕಿಯೊಬ್ಬರ ದನಿಯನ್ನು ಮಿಶ್ರಣ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತಬಲ, ಕೀಬೋರ್ಡ್‌ಗಳ ನಡುವೆ ದನಿ ಎದ್ದು ಬರುತ್ತಿಲ್ಲವೆಂದು ನಾನು ಟ್ರೆಬಲ್, ಅಂದರೆ ದನಿಯ ಚೂಪಾದ ಮೇಲಿನ ಅಂಶವನ್ನು ಏರಿಸುತ್ತ ಹೋದೆ. ಕೊನೆಗೆ ಹಾಡು ಸ್ಪಷ್ಟವಾಗಿಯೇನೋ ಕೇಳಿಸಿತು, ಆದರೆ ಆ ಹೆಣ್ಣುಮಗಳು ತನ್ನ ದನಿಯನ್ನು ತಾನೇ ಗುರುತಿಸಲಿಲ್ಲ. ‘ಇದು ಯಾರು ಸಾರ್ ಹಾಡಿರುವುದು?’ ಎಂದು ಕೇಳಿದರು. ನಾನು ಮುಟ್ಟಬೇಕಾಗಿದ್ದುದು ಅವರ ದನಿಯನ್ನಲ್ಲ, ಕೀಬೋರ್ಡನ್ನು. ಅದೇ ಎತ್ತರದಲ್ಲಿ ಬಿಡುವಿಲ್ಲದೆ ನುಡಿಯುತ್ತಿದ್ದ ಕೀಬೋರ್ಡ್ ದನಿಯ ಜಾಗವನ್ನೆಲ್ಲ ತಿಂದುಹಾಕಿತ್ತು.

‘ಎಲಿಗಂಟ್ ಸ್ಲಮ್ಮಿಂಗ್’ ಮಾಡಿದವರು ಈ ತಪ್ಪು ಮಾಡಲಿಲ್ಲ. ಅದರಲ್ಲಿನ ‘ಮೂವಿಂಗ್ ಆನ್ ಅಪ್’ ಹಾಡು ಹಾಕಿಕೊಂಡು ಪಿಯಾನೋವನ್ನು ಮಾತ್ರ ಗಮನಿಸಿ. ಅದು ಸ್ವರಗಳನ್ನು ಹಿಡಿದು ಎಳೆಯುವುದಿಲ್ಲ. ಕುಟ್ಟಿ ಕೈ ಎತ್ತುತ್ತದೆ, ಕುಟ್ಟಿ ಕೈ ಎತ್ತುತ್ತದೆ. ಆ ಎತ್ತಿದ ಕೈಯ ಕೆಳಗಿನ ಸಂದಿಯಲ್ಲಿ ದನಿ ನುಗ್ಗುತ್ತದೆ. ತಳದಲ್ಲಿ ಡ್ರಮ್ಮಿನ ದಪ್ಪ ಪೆಟ್ಟು ನಾಲ್ಕು ಎಣಿಕೆಗೂ ಒಂದೊಂದರಂತೆ ತಪ್ಪದೆ ಬೀಳುತ್ತಿರುತ್ತದೆ. ಈ ಬಗೆಯ ಸಂಗೀತದಲ್ಲಿ ನಿಮಿಷಕ್ಕೆ ಸುಮಾರು 120 ಪೆಟ್ಟು. ಹೆದರ್ ಆ ಪೆಟ್ಟಿನ ಮೇಲೆಯೇ ಕಾಲಿಟ್ಟು ನಡೆಯುವುದಿಲ್ಲ. ಕೂದಲೆಳೆಯಷ್ಟು ತಡಮಾಡಿ ಪದವನ್ನು ಎತ್ತುತ್ತಾರೆ. ತಾಳದ ಪೆಟ್ಟು ಬಿಟ್ಟು ಹಾಡು ಎತ್ತಿಕೊಳ್ಳುವ ಎಡುಪಿನ ಸುಖ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರದ ತಾಳ ಗಡಿಯಾರದಂತೆ ಓಡುತ್ತಿರುವಾಗ ಅದರ ಬೆನ್ನ ಹಿಂದೆ ನಿಂತು ಹಾಡುವವರು ಮಾತ್ರ ಮನುಷ್ಯರಂತೆ ಕೇಳಿಸುತ್ತಾರೆ.

ಸಂಗತಿ ಹಾಕುವುದಿಲ್ಲ ಎಂದಿರಿ. ಸರಿಯಾಗಿ ಕೇಳಿಸಿಕೊಂಡಿದ್ದೀರಿ. ಅಮೆರಿಕದ ಕಪ್ಪು ಜನರ ನಡುವೆ ಬೆಳೆದ ಸೋಲ್ ಗಾಯನಕ್ಕೆ ಚರ್ಚಿನ ಗಾಸ್ಪೆಲ್ ಹಾಡಿಕೆಯಿಂದ ಬಂದ ಆಸ್ತಿಯೆಂದರೆ ಒಂದು ಅಕ್ಷರಕ್ಕೆ ಐದಾರು ಸ್ವರ ಸುತ್ತಿಸುವುದು, ನಮ್ಮ ಬಿರ್ಕಾ ಇದ್ದಂತೆ. 1990ರ ದಶಕದಲ್ಲಿ ಅಮೆರಿಕದ ದೊಡ್ಡ ಗಾಯಕಿಯರೆಲ್ಲ ಈ ಕಸರತ್ತಿನಲ್ಲಿ ಪೈಪೋಟಿಗೆ ಬಿದ್ದಿದ್ದರು. ಹೆದರ್ ಆ ಗೋಜಿಗೆ ಹೋಗಲಿಲ್ಲ. ಎದೆದನಿಯನ್ನು ಒಡೆಯದೆ ಮೇಲಿನವರೆಗೆ ಹೊತ್ತೊಯ್ಯುವುದು, ವ್ಯಂಜನವನ್ನು ಕಚ್ಚಿ ಬಿಡುವುದು, ಸಾಲಿನ ಕೊನೆಯ ಸ್ವರವನ್ನು ಕಂಪಿಸುತ್ತ ನಿಲ್ಲಿಸುವುದು: ಅವರ ಜೋಳಿಗೆಯಲ್ಲಿ ಇರುವುದು ಇಷ್ಟೇ. ಆ ಕಂಪನವನ್ನು ಗಮಕವೆಂದುಕೊಳ್ಳಬೇಡಿ. ಗಮಕಕ್ಕೆ ಹೋಗುವ ಊರು ಗೊತ್ತಿರುತ್ತದೆ, ಪಕ್ಕದ ಸ್ವರದ ಮನೆಗೆ ಹೋಗಿ ಬರುತ್ತದೆ, ರಾಗದ ಗುರುತೇ ಅದರಲ್ಲಿರುತ್ತದೆ. ಇದು ನಿಂತಲ್ಲೇ ನಡುಗುವುದು, ಬಿಗಿಯಾಗಿ ಕಟ್ಟಿದ ತಂತಿಯ ಹಾಗೆ. ಕೆಲವರಿಗೆ ಆ ನಡುಕ ಅತಿಯೆನಿಸುತ್ತದೆ. ನನಗೂ ಒಂದೊಂದು ಸಲ ಹಾಗೆನಿಸಿದ್ದುಂಟು, ಮುಖ್ಯವಾಗಿ ನಿಧಾನಗತಿಯ ಹಾಡುಗಳಲ್ಲಿ. ಓಡುವ ಹಾಡಿನಲ್ಲಿ ನಡುಗಲು ಪುರುಸೊತ್ತು ಸಿಗದ್ದರಿಂದ ಅದು ಹಿತವಾಗಿಯೇ ಇರುತ್ತದೆ.

ಈಗ ನಿಮ್ಮ ಪ್ರಶ್ನೆಯಲ್ಲಿಲ್ಲದ, ಆದರೆ ಈ ದನಿಯ ಬೆಲೆ ತಿಳಿಯಲು ಬೇಕೇ ಬೇಕಾದ ಒಂದು ಕಥೆ.

ಹೌಸ್ ಎಂಬ ಕುಣಿತದ ಸಂಗೀತ ಹುಟ್ಟಿದ್ದು ಅಮೆರಿಕದ ಶಿಕಾಗೋ ನಗರದಲ್ಲಿ, 1980ರ ದಶಕದ ಮೊದಲ ವರ್ಷಗಳಲ್ಲಿ. ಅಲ್ಲಿನ ‘ವೇರ್‌ಹೌಸ್’ ಕ್ಲಬ್ಬಿನಲ್ಲಿ ಫ್ರಾಂಕಿ ನಕಲ್ಸ್ ಎಂಬ ಡಿಜೆ ನುಡಿಸುತ್ತಿದ್ದುದಕ್ಕೇ ಆ ಹೆಸರು ಬಂತೆಂದು ಹೇಳುತ್ತಾರೆ. ಈ ಸಂಗೀತ ಕಟ್ಟುವವರಿಗೆ ಹೆಣ್ಣುದನಿ ಎಂದರೆ ಕಚ್ಚಾ ಸಾಮಗ್ರಿ. ಹಳೆಯ ಡಿಸ್ಕೋ ತಟ್ಟೆಯಿಂದ ಒಂದು ಕೂಗು, ಒಂದು ಸಾಲು ಕತ್ತರಿಸಿಕೊಂಡು, ದನಿಯ ತುಣುಕು ಹಿಡಿದಿಟ್ಟು ನುಡಿಸುವ ಸ್ಯಾಂಪ್ಲರ್‌ಗೆ ಹಾಕಿ, ಬೇಕಾದಷ್ಟು ಸಲ ತಿರುಗಿಸುವುದು. 1989ರಲ್ಲಿ ಬ್ಲ್ಯಾಕ್ ಬಾಕ್ಸ್ ಎಂಬ ಇಟಲಿಯ ತಂಡದ ‘ರೈಡ್ ಆನ್ ಟೈಮ್’ ಬ್ರಿಟನ್ನಿನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಆ ವರ್ಷ ಅಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ (ಬಿಡಿಯಾಗಿ ಮಾರುವ ಹಾಡು) ಅದೇ. ಅದರಲ್ಲಿದ್ದ ಗುಡುಗಿನಂಥ ದನಿ ಲೊಲೀಟಾ ಹಾಲೊವೇ ಅವರದು, 1980ರ ‘ಲವ್ ಸೆನ್ಸೇಷನ್’ ಹಾಡಿನಿಂದ ಕತ್ತರಿಸಿ ತೆಗೆದದ್ದು. ಟಿವಿಯಲ್ಲಿ ತುಟಿ ಆಡಿಸಿದ್ದು ಮೂರನೆಯ ಒಬ್ಬ ರೂಪದರ್ಶಿ. ಹಾಡಿದವರೊಬ್ಬರು, ಕಂಡವರೊಬ್ಬರು, ದುಡ್ಡು ಎಣಿಸಿದವರು ಇನ್ನೊಬ್ಬರು. ತಗಾದೆ ಎದ್ದ ಮೇಲೆ ಆ ಗಾಯನವನ್ನು ಬೇರೆಯವರಿಂದ ಹಾಡಿಸಿ ಇನ್ನೊಂದು ಆವೃತ್ತಿ ಹೊರತಂದರು.

ಹಾಗೆ ಹಾಡಿದವರು ಹೆದರ್ ಸ್ಮಾಲ್.

1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಹೆದರ್ ಅದಕ್ಕೂ ಮೊದಲು ಹಾಟ್ ಹೌಸ್ ಎಂಬ ಸೋಲ್ ತಂಡದಲ್ಲಿ ಹಾಡುತ್ತಿದ್ದರು. ತಂಡ ಚೆನ್ನಾಗಿತ್ತು, ಹೆಸರು ಮಾಡಲಿಲ್ಲ. ಆಮೇಲೆ ಈ ಬಾಡಿಗೆ ಗಂಟಲಿನ ಕೆಲಸ. ಆ ಕಾಲದಲ್ಲಿ ಇಂಥ ಕೆಲಸ ಮಾಡಿದವರು ಬೇಕಾದಷ್ಟು ಜನ. ಅಮೆರಿಕದ ಮಾರ್ಥಾ ವಾಶ್ ಇದೇ ಬ್ಲ್ಯಾಕ್ ಬಾಕ್ಸ್‌ಗೂ ಇನ್ನೊಂದು ದೊಡ್ಡ ತಂಡಕ್ಕೂ ಹಾಡಿ, ವಿಡಿಯೋದಲ್ಲಿ ಬೇರೆಯವರ ತುಟಿ ಕಂಡು, ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ನಮ್ಮಲ್ಲಿ ಹಿನ್ನೆಲೆ ಗಾಯಕರಿಗೆ ತೆರೆಯ ಮೇಲೆ ಮುಖವಿಲ್ಲದಿದ್ದರೂ ಹೆಸರಾದರೂ ಇರುತ್ತದೆ. ಇವರಿಗೆ ಅದೂ ಇರಲಿಲ್ಲ.

‘ರೈಡ್ ಆನ್ ಟೈಮ್’ ಅನ್ನು ಬ್ರಿಟನ್ನಿನಲ್ಲಿ ಹೊರತಂದ ಕಂಪನಿ ಡಿಕನ್‌ಸ್ಟ್ರಕ್ಷನ್. ಹೊಸ ಕಲಾವಿದರನ್ನು ಹುಡುಕಿ ತರುವ ಕೆಲಸ ಅಲ್ಲಿ ಮೈಕ್ ಪಿಕರಿಂಗ್ ಅವರದು. ಎಂ ಪೀಪಲ್‌ನಲ್ಲಿರುವ ‘ಎಂ’ ಇವರೇ, ಮೈಕ್‌ನ ಎಂ. ಮ್ಯಾಂಚೆಸ್ಟರಿನವರು, ಡಿಜೆ. 1982ರಲ್ಲಿ ಅಲ್ಲಿ ತೆರೆದ ಹ್ಯಾಸಿಯೆಂಡ ಕ್ಲಬ್ಬಿನಲ್ಲಿ ಶುಕ್ರವಾರ ರಾತ್ರಿ ಇವರದೇ ಕಾರುಬಾರು. ಶಿಕಾಗೋದ ಹೌಸ್ ಸಂಗೀತವನ್ನು ಬ್ರಿಟನ್ನಿನಲ್ಲಿ ಮೊದಲು ನುಡಿಸಿದವರ ಸಾಲಿನಲ್ಲಿ ಅವರಿದ್ದಾರೆ. ಕುಣಿಯುವ ಜನರನ್ನು ವರ್ಷಗಟ್ಟಲೆ ಮೇಲಿನಿಂದ ನೋಡಿದ ಮನುಷ್ಯ. ಯಾವ ಕ್ಷಣದಲ್ಲಿ ಕೈಗಳು ಮೇಲೇಳುತ್ತವೆ, ಯಾವಾಗ ಜನ ನೀರು ಕುಡಿಯಲು ಹೊರಡುತ್ತಾರೆ ಎಂಬುದು ಅಂಥವರಿಗೆ ಪುಸ್ತಕ ಓದದೆಯೇ ಗೊತ್ತಿರುತ್ತದೆ. ಅವರ ಜೊತೆಗೆ ಬೇಸ್ ಮತ್ತು ಕೀಬೋರ್ಡ್ ನುಡಿಸುವ ಪಾಲ್ ಹರ್ಡ್ ಸೇರಿದರು, ಹೆದರ್ ಬಂದರು. ಆಮೇಲೆ ತಾಳವಾದ್ಯಗಳಿಗೆ ಶಾವೆಲ್ ಎಂಬ ಹೆಸರಿನ ಕಲಾವಿದ. ಸ್ಯಾಕ್ಸೋಫೋನ್ ಊದುತ್ತಿದ್ದವರು ಸ್ನೇಕ್ ಡೇವಿಸ್.

1991ರ ಅವರ ಮೊದಲ ಆಲ್ಬಮ್ಮಿನ ಹೆಸರು ‘ನಾರ್ದರ್ನ್ ಸೋಲ್’. ಈ ಹೆಸರಿನ ಹಿಂದೆ ಒಂದು ಲೋಕವೇ ಇದೆ. ಇಂಗ್ಲೆಂಡಿನ ಉತ್ತರ ಭಾಗದ ಕಾರ್ಖಾನೆ ಊರುಗಳ ಹುಡುಗ ಹುಡುಗಿಯರು 1970ರ ದಶಕದಲ್ಲಿ ವಿಗನ್ ಕಸೀನೋದಂಥ ಸಭಾಂಗಣಗಳಲ್ಲಿ ಸೇರಿ, ಅಮೆರಿಕದ ಕಪ್ಪು ಕಲಾವಿದರ ಮರೆತುಹೋದ 1960ರ ದಶಕದ ತಟ್ಟೆಗಳನ್ನು ಹಾಕಿಸಿ, ಬೆಳಗಿನವರೆಗೆ ಕುಣಿಯುತ್ತಿದ್ದರು. ಅಮೆರಿಕದಲ್ಲೇ ಯಾರೂ ಕೊಳ್ಳದಿದ್ದ ತಟ್ಟೆಗಳಿಗೆ ಇಲ್ಲಿ ಚಿನ್ನದ ಬೆಲೆ. ಪಿಕರಿಂಗ್ ಬೆಳೆದ ಗಾಳಿ ಅದು. ಶಿಕಾಗೋದ ಯಂತ್ರ ಅವರ ಕೈಗೆ ಬಂದಾಗ ಅದಕ್ಕೊಂದು ಹಳೆಯ ಸೋಲ್ ದನಿ ಬೇಕೆನಿಸಿದ್ದು ಅಚ್ಚರಿಯಲ್ಲ. ಅವರ ಜಾಣತನವೆಲ್ಲ ಮುಂದಿನ ಹೆಜ್ಜೆಯಲ್ಲಿದೆ. ದನಿಯನ್ನು ಹಳೆಯ ತಟ್ಟೆಯಿಂದ ಕತ್ತರಿಸುವ ಬದಲು, ಬದುಕಿರುವ ಗಾಯಕಿಯೊಬ್ಬರನ್ನು ತಂಡದ ನಡುವೆ ನಿಲ್ಲಿಸಿ, ಯಂತ್ರಗಳನ್ನು ಅವರಿಗೆ ಹಿಮ್ಮೇಳ ಮಾಡಿದರು. ತುಣುಕಾಗಿದ್ದ ದನಿಗೆ ಪಲ್ಲವಿ ಬಂತು, ಚರಣ ಬಂತು, ಉಸಿರು ತೆಗೆದುಕೊಳ್ಳುವ ಸದ್ದು ಬಂತು. ಆಲ್ಬಮ್ಮಿನ ಮುಖಕ್ಕೂ ಟಿವಿಯ ಮುಂದಕ್ಕೂ ಹಾಡಿದವರೇ ಬಂದರು.

‘ಎಲಿಗಂಟ್ ಸ್ಲಮ್ಮಿಂಗ್’ ಅವರ ಎರಡನೆಯ ಆಲ್ಬಮ್. ಉಳ್ಳವರು ಮೋಜಿಗಾಗಿ ಬಡವರ ಕೇರಿಗೆ ಹೋಗಿ ಬರುವುದಕ್ಕೆ ಇಂಗ್ಲಿಷಿನಲ್ಲಿ ಸ್ಲಮ್ಮಿಂಗ್ ಎನ್ನುತ್ತಾರೆ; ಅದನ್ನೇ ನಾಜೂಕಾಗಿ ಮಾಡುವುದು ಎಂಬ ಕೊಂಕು ಈ ಹೆಸರಿನಲ್ಲಿದೆ. ಕ್ಲಬ್ಬಿನ ಬೆವರನ್ನು ಇಸ್ತ್ರಿ ಮಾಡಿ ದಿವಾನಖಾನೆಗೆ ತಂದವರು ತಮ್ಮನ್ನು ತಾವೇ ಚುಚ್ಚಿಕೊಂಡ ಹಾಗಿದೆ. ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ಇದು ಎರಡನೆಯ ಸ್ಥಾನಕ್ಕೇರಿತು. ಸಿಂಗಲ್ ಆಗಿ ಬಂದ ನಾಲ್ಕು ಹಾಡುಗಳೂ ಮೊದಲ ಹತ್ತರೊಳಗೆ ನಿಂತವು, ‘ಮೂವಿಂಗ್ ಆನ್ ಅಪ್’ ಎರಡನೆಯ ಸ್ಥಾನ ಮುಟ್ಟಿತು.

ನಾಲ್ಕರಲ್ಲಿ ಒಂದರ ಬಗ್ಗೆ ವಿಶೇಷವಾಗಿ ಹೇಳಬೇಕು. ‘ಡೋಂಟ್ ಲುಕ್ ಎನಿ ಫರ್ದರ್’ ಇವರ ಸ್ವಂತ ಹಾಡಲ್ಲ. ಅಮೆರಿಕದ ಟೆಂಪ್ಟೇಷನ್ಸ್ ಎಂಬ ಸೋಲ್ ತಂಡದಲ್ಲಿದ್ದ ಡೆನಿಸ್ ಎಡ್ವರ್ಡ್ಸ್ 1984ರಲ್ಲಿ ಸೈಡಾ ಗ್ಯಾರೆಟ್ ಜೊತೆ ಹಾಡಿದ ಯುಗಳಗೀತೆ. ಮೂಲದಲ್ಲಿ ಗಂಡು ಹೆಣ್ಣು ಸಾಲು ಹಂಚಿಕೊಂಡು, ಒಬ್ಬರನ್ನೊಬ್ಬರು ಒಲಿಸಿಕೊಳ್ಳುವ ರೀತಿಯಲ್ಲಿ ಹಾಡುತ್ತಾರೆ. ಎಂ ಪೀಪಲ್ ಅದನ್ನು ಎತ್ತಿಕೊಂಡಾಗ ಹಾಡಿನ ಭಾರ ಹೆದರ್ ಅವರ ಹೆಗಲಿಗೆ ಬಂತು. ಎರಡನ್ನೂ ಒಂದರ ಹಿಂದೊಂದು ಕೇಳಿ. ಗಂಡಸು ಹಾಡುತ್ತಿದ್ದ ಎತ್ತರವನ್ನೂ ಈಕೆ ಸಲೀಸಾಗಿ ಹಿಡಿಯುತ್ತಾರೆ. ಒಲಿಸುವ ಧಾಟಿ ಹೋಗಿ, ‘ಹುಡುಕಾಟ ಸಾಕು, ನಾನಿದ್ದೇನೆ’ ಎಂಬ ಖಡಾಖಂಡಿತ ಮಾತಾಗುತ್ತದೆ. ದನಿ ಬದಲಾದರೆ ಅರ್ಥವೂ ಬದಲಾಗುತ್ತದೆ ಎಂಬುದಕ್ಕೆ ನನ್ನ ವಿದ್ಯಾರ್ಥಿಗಳಿಗೆ ನಾನು ಕೊಡುವ ಉದಾಹರಣೆ ಇದೇ.

ಇನ್ನು ಪ್ರಶಸ್ತಿ. 1994ರ ಮರ್ಕ್ಯುರಿ ಪ್ರಶಸ್ತಿ ಇದಕ್ಕೆ ಬಂತು. ವರ್ಷಕ್ಕೊಮ್ಮೆ ಬ್ರಿಟನ್ ಮತ್ತು ಐರ್ಲೆಂಡಿನ ಒಂದು ಆಲ್ಬಮ್‌ಗೆ ಕೊಡುವ ಪ್ರಶಸ್ತಿ ಇದು, ಶುರುವಾದದ್ದು 1992ರಲ್ಲಿ. ಮಾರಾಟದ ಲೆಕ್ಕವನ್ನಲ್ಲ, ತೀರ್ಪುಗಾರರು ಕೂತು ಸಂಗೀತವನ್ನು ತೂಗಬೇಕೆಂಬುದು ಅದರ ಮಾತು. ಆ ವರ್ಷ ಎದುರಿಗಿದ್ದವರನ್ನು ನೋಡಿ: ಬ್ಲರ್ ತಂಡದ ‘ಪಾರ್ಕ್‌ಲೈಫ್’, ಪಲ್ಪ್ ತಂಡ, ಪ್ರಾಡಿಜಿ ಎಂಬ ಇನ್ನೊಂದು ಕುಣಿತದ ತಂಡ, ಗಾಯಕ ಪಾಲ್ ವೆಲ್ಲರ್. ಗಿಟಾರ್ ಹಿಡಿದ ಹುಡುಗರೇ ಬ್ರಿಟನ್ನಿನ ಸಂಗೀತ ಎಂದು ಪತ್ರಿಕೆಗಳು ತೀರ್ಮಾನಿಸುತ್ತಿದ್ದ ಹೊತ್ತು ಅದು. ಕುಣಿತದ ತಂಡ ಗೆದ್ದಾಗ ಹಲವರು ಮೂಗು ಮುರಿದರು. ಆ ಪ್ರಶಸ್ತಿಯ ದೊಡ್ಡ ಪ್ರಮಾದಗಳ ಪಟ್ಟಿ ಮಾಡುವವರು ಇವತ್ತಿಗೂ ಈ ಹೆಸರನ್ನು ಮರೆಯದೆ ಸೇರಿಸುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಆ ಪಟ್ಟಿಯಲ್ಲಿ ಹೊಸ ದಾರಿ ಕಡಿದದ್ದು ಪ್ರಾಡಿಜಿ. ಅವರಿಗೆ ಕೊಟ್ಟಿದ್ದರೂ ಕುಣಿತದ ಸಂಗೀತಕ್ಕೇ ಕೊಟ್ಟಂತಾಗುತ್ತಿತ್ತು. ಆದರೆ ‘ಎಲಿಗಂಟ್ ಸ್ಲಮ್ಮಿಂಗ್’ ಗೆದ್ದದ್ದು ಅನ್ಯಾಯ ಎಂಬ ಮಾತನ್ನು ಒಪ್ಪಲಾರೆ. ಆವರೆಗೆ ಕುಣಿತದ ಸಂಗೀತವೆಂದರೆ ಒಂದೊಂದೇ ಹಾಡಿನ ವ್ಯಾಪಾರ. ಇಡೀ ಆಲ್ಬಮ್ ಹಾಕಿ ಕೂತು ಕೇಳುವವರು ಕಡಿಮೆ. ಇವರದು ಅಡುಗೆಮನೆಯಲ್ಲೂ ಕೇಳಿಸಿಕೊಳ್ಳುವಂತಿತ್ತು. ಹಾಗೆ ಕೇಳುವಂತೆ ಮಾಡಿದ್ದು ಲಯವಲ್ಲ, ದನಿ. ತಂಡ ವೇದಿಕೆಗೆ ಬಂದಾಗಲೂ ತಟ್ಟೆ ತಿರುಗಿಸಿ ತುಟಿ ಆಡಿಸುವುದಿರಲಿಲ್ಲ. ಸ್ಯಾಕ್ಸೋಫೋನ್, ತಾಳವಾದ್ಯ, ಹಿಮ್ಮೇಳದ ಗಾಯಕರ ಸಮೇತ ಕಚೇರಿಯನ್ನೇ ಮಾಡುತ್ತಿದ್ದರು. ಶಾರೀರದ ಬಗ್ಗೆ ನಿಮಗಿದ್ದ ಅನುಮಾನಕ್ಕೆ ಇದೂ ಒಂದು ಉತ್ತರ.

ದೋಷಗಳಿಲ್ಲವೇ? ಇವೆ. ಸಿಂಗಲ್ ಆಗದ ಹಾಡುಗಳಲ್ಲಿ ಒಂದೆರಡು ಜಾಗ ತುಂಬಿಸಲು ಬಂದವು. ಡ್ರಮ್ಮಿನ ಸದ್ದಿಗೆ 1993ರ ಮುದ್ರೆ ಎದ್ದು ಕಾಣುವಂತೆ ಬಿದ್ದಿದೆ. ಸಾಹಿತ್ಯವಂತೂ ಬೆನ್ನು ತಟ್ಟಿ ಧೈರ್ಯ ಹೇಳುವ ಜಾತಿಯದು. ಅದರ ಫಲವನ್ನೂ ಅವರು ಉಂಡರು: ಮುಂದಿನ ಆಲ್ಬಮ್ಮಿನ ‘ಸರ್ಚ್ ಫಾರ್ ದ ಹೀರೋ’ ಪೆಜೋ ಕಾರಿನ ಜಾಹೀರಾತಿಗೆ ಹೋಯಿತು. ಹೆದರ್ 2000ದಲ್ಲಿ ಒಂಟಿಯಾಗಿ ಹಾಡಿದ ‘ಪ್ರೌಡ್’ ಲಂಡನ್ನಿನ 2012ರ ಒಲಿಂಪಿಕ್ಸ್ ಆತಿಥ್ಯ ಪಡೆಯುವ ಪ್ರಯತ್ನಕ್ಕೆ ಬಳಕೆಯಾಯಿತು. ಇಷ್ಟು ದೊಡ್ಡ ದನಿ ಹುರಿದುಂಬಿಸುವ ಹಾಡಿಗೇ ಅಂಟಿಕೊಂಡದ್ದು ನನಗೆ ಸ್ವಲ್ಪ ಬೇಸರ. ಆ ಗಂಟಲಿನಲ್ಲಿ ದುಃಖಕ್ಕೂ ಜಾಗವಿತ್ತು.

ಅಷ್ಟಕ್ಕೂ ‘ಮೂವಿಂಗ್ ಆನ್ ಅಪ್’ ಹುರಿದುಂಬಿಸುವ ಹಾಡೇನೂ ಅಲ್ಲ. ಮೋಸ ಮಾಡಿದ ಗಂಡಸಿಗೆ ‘ನಿನ್ನ ಕಾಲ ಮುಗಿಯಿತು, ಗಂಟುಮೂಟೆ ಕಟ್ಟು’ ಎಂದು ಬಾಗಿಲು ತೋರಿಸುವ ಹೆಣ್ಣಿನ ಮಾತು ಅದು. ಪಲ್ಲವಿ ಮಾತ್ರ ಕೇಳಿಸಿಕೊಂಡವರಿಗೆ ಇದು ಗೊತ್ತಾಗುವುದಿಲ್ಲ. 2022ರ ಅಕ್ಟೋಬರ್ 5ರಂದು ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಕನ್ಸರ್ವೇಟಿವ್ ಪಕ್ಷದ ಸಮಾವೇಶದಲ್ಲಿ ಬ್ರಿಟನ್ನಿನ ಆಗಿನ ಪ್ರಧಾನಿ ಲಿಜ್ ಟ್ರಸ್ ಇದೇ ಹಾಡಿಗೆ ಹೆಜ್ಜೆ ಹಾಕುತ್ತ ವೇದಿಕೆಗೆ ಬಂದರು. ಪಿಕರಿಂಗ್ ಬಹಿರಂಗವಾಗಿಯೇ ಸಿಟ್ಟಾದರು. ಅಕ್ಟೋಬರ್ 20ರಂದು ಟ್ರಸ್ ರಾಜೀನಾಮೆ ಪ್ರಕಟಿಸಿದರು. ಚರಣದ ಸಾಹಿತ್ಯವನ್ನು ಮೊದಲೇ ಯಾರಾದರೂ ಓದಿಹೇಳಬಹುದಿತ್ತು.

ಮುಂದೇನು ಕೇಳಲಿ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತಂಬೂರಿಯ ಆ್ಯಪ್ ನಿಮ್ಮ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ‘ಮೂವಿಂಗ್ ಆನ್ ಅಪ್’ ಚರಣದ ಮೊದಲ ಸಾಲನ್ನು ಅದೇ ಎತ್ತರದಲ್ಲಿ, ಒಂದು ಸ್ವರವನ್ನೂ ಮೇಲಕ್ಕೆತ್ತದೆ ಹಾಡಲು ನೋಡಿ. ಎಲ್ಲಿ ನಿಮ್ಮ ದನಿ ಗಾಳಿಯಾಗುತ್ತದೆಯೋ ಅಲ್ಲಿ ಹೆದರ್ ಅವರದು ಹೇಗಿದೆ ಎಂದು ಮತ್ತೊಮ್ಮೆ ಕೇಳಿಸಿಕೊಳ್ಳಿ. ಆಮೇಲೆ ಶಬ್ದವನ್ನು ಇನ್ನೇನು ಕೇಳಿಸುವುದೇ ಇಲ್ಲ ಎನ್ನುವಷ್ಟು ತಗ್ಗಿಸಿ. ಮೊದಲು ಬೇಸ್ ಮಾಯವಾಗುತ್ತದೆ, ಆಮೇಲೆ ದಪ್ಪ ಪೆಟ್ಟು, ಕೊನೆಯವರೆಗೂ ಉಳಿಯುವುದು ದನಿ ಮತ್ತು ಪಿಯಾನೋದ ಅಂಚು. ಮಗನಿಗೂ ಒಂದು ಮಾತು ಹೇಳಿ: ಕಾರಿನಲ್ಲಿ ಬೇಸ್ ಅಷ್ಟು ಏರಿಸುವುದು ಬೇಡ, ಆಕೆ ಹಾಡುತ್ತಿರುವ ಜಾಗ ಅದರ ಮೇಲಿನ ಮಹಡಿಯಲ್ಲೇ ಇದೆ.